ತೊಗಲಿಗೂ ಎಲುಬಿಗೂ ನಡುವಿನ ಅಂಟು

ಮಲಪ್ರಭೆಯ ದಂಡೆಗೆ ಒಂದು ಸಣ್ಣ ಆಶ್ರಮ. ಅಲ್ಲಿನ ಸ್ವಾಮಿಗಳನ್ನು ಸುತ್ತಲಿನ ಜನ ಅಜ್ಜಾರು ಅನ್ನುತ್ತಿದ್ದರು. ಬೇರೆ ಕಡೆ ಪ್ರವಚನ ನಡೆದರೆ ಇಲ್ಲಿ ತೊಗಲಿನ ಕೆಲಸ ನಡೆಯುತ್ತಿತ್ತು. ಮೆಟ್ಟು, ಚೀಲ, ಡೊಳ್ಳು, ಏನು ಹರಿದರೂ ಜನ ಇಲ್ಲಿಗೇ ತರುತ್ತಿದ್ದರು.

ಅಡಿವೆಪ್ಪ ಅಜ್ಜಾರ ಶಿಷ್ಯ. ಮೂವತ್ತು ದಾಟಿದ ಗಟ್ಟಿ ಆಳು. ಕತ್ತರಿಸುವುದು ಬರುತ್ತಿತ್ತು, ಹೊಲಿಗೆಯಂತೂ ಕೈಗೆ ಕುಳಿತಿತ್ತು. ಯಾವುದಕ್ಕೆ ಯಾವ ಅಂಟು ಅನ್ನುವುದು ಮಾತ್ರ ತಲೆಗೆ ಹತ್ತಿರಲಿಲ್ಲ. ಅವನು ಪ್ರತಿ ಸಲ ಕೇಳುತ್ತಿದ್ದ, ಅಜ್ಜಾರು ಪ್ರತಿ ಸಲ ಹೇಳುತ್ತಿದ್ದರು.

ಒಂದು ದಿನ ಅಜ್ಜಾರಿಗೆ ಸಾಕಾಯಿತು.

"ಅಡಿವೆಪ್ಪಾ, ಇನ್ನ ನನ್ನ ಕೇಳಬ್ಯಾಡ. ಅಂಟು ನೀನ ಆರಿಸು. ಅದೊಂದು ಬಂತಂದ್ರ ನಿನ್ನ ಕಲಿಕಿ ಮುಗೀತು."

ಅಡಿವೆಪ್ಪನ ಎದೆ ಉಬ್ಬಿತು. ಕಲಿಕೆ ಮುಗಿದರೆ ಅಜ್ಜಾರ ಮಗ್ಗುಲಲ್ಲೇ ತನ್ನದೊಂದು ಚಾಪೆ ಹಾಸಬೇಕು, ಇಬ್ಬರೂ ಕೂಡಿ ಕೆಲಸಕ್ಕೆ ಕೂರಬೇಕು. ಅವನಿಗಿದ್ದದ್ದು ಅದೊಂದೇ ಆಸೆ, ಪಾಪ.

ಅಷ್ಟರಲ್ಲಿ ಕಸ್ತೂರಿ ಬಂದಳು.

ಕಸ್ತೂರಿ ಕಾಲೇಜಿನ ಬೇಸ್‌ಬಾಲ್ ತಂಡದ ಕ್ಯಾಚರ್. ಬ್ಯಾಟು ಹಿಡಿದವಳ ಹಿಂದೆ ಕುಕ್ಕರಗಾಲಲ್ಲಿ ಕೂತು, ಬರುವ ಚೆಂಡನ್ನೆಲ್ಲ ಹಿಡಿಯುವುದು ಅವಳ ಕೆಲಸ. ಕ್ರಿಕೆಟ್ಟಿನ ಕೀಪರ್ ಅಂದುಕೊಳ್ಳಿ. ಆದರೆ ಗ್ಲೌಸು ಒಂದೇ ಕೈಗೆ, ಅದೂ ಮೊರದಷ್ಟು ಅಗಲ.

"ಅಜ್ಜಾರ, ನಾಳೆ ಮಧ್ಯಾಹ್ನ ಫೈನಲ್ ಐತ್ರೀ," ಅಂದಳು. "ಗ್ಲೌಸಿನ ಒಳಗಿನ ತೊಗಲು ಹೊರಗಿನ ತೊಗಲಿನಿಂದ ಬಿಟ್ಟುಬಿಟ್ಟೈತಿ. ಚೆಂಡು ಬಿದ್ದ ಕೂಡಲೇ ಒಳಗಿನದು ಜಾರತೈತಿ, ಚೆಂಡು ಪುಟಿದು ಹೊರಗ ಹೋಗತೈತಿ. ಇನ್ನೊಂದು ಚೆಂಡು ಬಿಟ್ಟರ ತಂಡದಿಂದ ಹೊರಗ ಕುಂಡರಸ್ತೀನಿ ಅಂದಾರ್ರೀ ನಮ್ಮ ಸರ್."

"ಹೊಸಾದು ಇಲ್ಲೇನವಾ?"

"ಐತ್ರೀ. ಅದು ನನ್ನ ಮಾತು ಕೇಳಬೇಕಂದ್ರ ಒಂದು ವರ್ಷ ಬೇಕು. ಇದು ನನ್ನ ಕೈನ ಆಗಿಬಿಟ್ಟೈತಿ."

ಅಜ್ಜಾರು ಗದ್ದ ಎತ್ತಿ ಅಡಿವೆಪ್ಪನನ್ನು ತೋರಿಸಿದರು.

"ಅವನ ಕಡೆ ಕೊಡು."

ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಕೆಲಸ ಮುಗಿದ ಮೇಲೆ, ತಂದವರ ಕಣ್ಣೆದುರಿಗೇ ಅದನ್ನು ಜಗ್ಗಿ ತೋರಿಸಬೇಕು. ಜಗ್ಗಿದರೂ ಬಿಚ್ಚಲಿಲ್ಲವೋ, ಕೆಲಸ ಪಾಸಾದಂತೆ. ಅಡಿವೆಪ್ಪನ ತಲೆ ತುಂಬ ಆ ಜಗ್ಗುವ ಗಳಿಗೆಯೇ ತುಂಬಿಕೊಂಡಿತು. ಗ್ಲೌಸು ಆಮೇಲೆ ಏನು ಮಾಡಬೇಕು ಅನ್ನುವುದು ಮರೆತೇ ಹೋಯಿತು ನೋಡಿ.

ಅವನು ಮೆಟ್ಟಿನ ಅಟ್ಟೆಗೆ ಹಚ್ಚುವ ಸಲೂಷನ್ ತೆಗೆದ. ಕೋಣೆಯಲ್ಲಿದ್ದ ಅಂಟುಗಳಲ್ಲೆಲ್ಲ ಅದೇ ಗಟ್ಟಿ. ಗ್ಲೌಸಿನ ದಾರ ಬಿಚ್ಚಿದ, ಎರಡೂ ತೊಗಲಿಗೆ ಧಾರಾಳವಾಗಿ ಬಳಿದ, ಕಲ್ಲು ಹೇರಿ ಒಣಗಿಸಿದ, ಮತ್ತೆ ಬಿಗಿದ.

ಮಧ್ಯಾಹ್ನಕ್ಕೆ ಮುಂಚೆಯೇ ಕಸ್ತೂರಿಯನ್ನು ಕರೆದು, ಗ್ಲೌಸಿನ ಒಂದು ತುದಿಗೆ ಕಾಲು ಕೊಟ್ಟು ಇನ್ನೊಂದು ತುದಿ ಜಗ್ಗಿದ. ಒಂದು ಕೂದಲಷ್ಟೂ ಜರುಗಲಿಲ್ಲ.

"ಬೇಕಾದ್ರ ಎತ್ತು ಕಟ್ಟಿ ಎಳಸು, ತಂಗಿ!"

ಕಸ್ತೂರಿ ಗ್ಲೌಸು ಹಾಕಿಕೊಂಡಳು. ಬೆರಳು ಮಡಚಲು ನೋಡಿದಳು. ಗ್ಲೌಸು ಮಡಚಲಿಲ್ಲ. ಚೆಂಡನ್ನು ಮೇಲಕ್ಕೆ ಎಸೆದು ಕೈ ಒಡ್ಡಿದಳು.

ಠಕ್!

ಚೆಂಡು ಮರದ ಹಲಗೆಗೆ ಬಿದ್ದ ಹಾಗೆ ಚಿಮ್ಮಿ ಹೊಳೆಯ ಪಾವಟಿಗೆಗಳನ್ನು ಒಂದೊಂದಾಗಿ ಇಳಿದು ಹೋಯಿತು.

"ಅಣ್ಣಾರ, ಇದು ಗ್ಲೌಸೋ, ರೊಟ್ಟಿ ಬಡಿಯೂ ಕಟಗಿ ಕೊಣಮಿಗಿಯೋ?" ಅಂದಳು ಕಸ್ತೂರಿ. ನಗಲು ನೋಡಿದಳು, ಕಣ್ಣು ತುಂಬಿ ಬಂತು. "ನನ್ನ ಕೈನ ಹೋತಲ್ರೀ."

ಅಡಿವೆಪ್ಪನ ಮುಖ ಸಣ್ಣಗಾಯಿತು.

"ಅಜ್ಜಾರ, ಬಿಚ್ಚಲಾರದಂಗ ಮಾಡೀನಲ್ರೀ!"

"ಹೂಂ. ಮುಚ್ಚಲಾರದಂಗನೂ ಮಾಡಿಬಿಟ್ಟಿ," ಅಂದರು ಅಜ್ಜಾರು.

"ಹಂಗಾದ್ರ ಪೂರಾ ಬಿಚ್ಚಿ, ನೀವು ಕಾಸಿಟ್ಟ ಜಿಗಟು ಗ್ರೀಸಿನ್ಯಾಗ ಎಣ್ಣಿ ಜಾಸ್ತಿ ಇರೂದು ಹಚ್ಚಲೇನ್ರೀ? ಮೆತ್ತಗರ ಆಗಲಿ?"

"ಕೇಳಬ್ಯಾಡ ಅಂದಿದ್ದೆ."

"ತಪ್ಪಾತ್ರೀ. ಆದ್ರ ಈ ಹುಡುಗಿ ಗತಿ ಏನ್ರೀ? ನನ್ನ ಮುಖ ನೋಡ್ರಿ ಅಜ್ಜಾರ, ಇದೊಂದು ಸಲ ಹೇಳಿಬಿಡ್ರಿ!"

"ಬಾ ಇಲ್ಲಿ. ಕೈ ಕೊಡು."

ಅಡಿವೆಪ್ಪ ಕೈ ಚಾಚಿದ. ಅಜ್ಜಾರು ಅವನ ಮುಂಗೈಯ ತೊಗಲನ್ನು ಎರಡು ಬೆರಳಲ್ಲಿ ಹಿಡಿದು ಜೋರಾಗಿ ಚಿವುಟಿ ಎಳೆದರು.

"ಅಯ್ಯಯ್ಯಪ್ಪೋ!"

"ಈ ತೊಗಲು ನಿನ್ನ ಎಲುಬಿಗೆ ಯಾವ ಅಂಟಿನಿಂದ ಹತ್ತೈತಿ?"

"ಗೊತ್ತಿಲ್ರೀ."

"ಕಿತ್ತು ಬಂತೇನು?"

"ಇಲ್ರೀ."

"ಸರೀತೋ ಇಲ್ಲೋ?"

"ಸರೀತ್ರೀ."

"ಬಿಟ್ಟ ಮ್ಯಾಲ?"

ಅಡಿವೆಪ್ಪ ಕೆಂಪಾದ ಕೈಯನ್ನು ನೋಡಿಕೊಂಡ.

"ತನ್ನ ಜಾಗಕ್ಕ ತಾನ ಬಂತ್ರೀ."

ಅಜ್ಜಾರು ಎದ್ದು, ಬಿಂದಿಗೆ ತೆಗೆದುಕೊಂಡು ನೀರಿಗೆ ಹೋದರು. ಹೋದವರು ಹಿಂದೆ ತಿರುಗಿ ನೋಡಲಿಲ್ಲ.

ಇಳಿಹೊತ್ತಿಗೆ ಬಾ ಅಂತ ಅಡಿವೆಪ್ಪ ಕಸ್ತೂರಿಯನ್ನು ಕಳಿಸಿದ. ಆಮೇಲೆ ತೋಳು ಏರಿಸಿದ.

ಮೊದಲು ಪೆಟ್ರೋಲಿನಲ್ಲಿ ಅರಿವೆ ಅದ್ದಿ, ಸಲೂಷನ್ನನ್ನು ಇಂಚಿಂಚಾಗಿ ಬಿಡಿಸಿದ. ತೊಗಲು ಹರಿದೀತೆಂಬ ಹೆದರಿಕೆಗೆ ಉಸಿರು ಬಿಗಿ ಹಿಡಿದು ಕೂತಿದ್ದ. ಹರಿಯಲಿಲ್ಲ, ಪುಣ್ಯ.

ಆಮೇಲೆ ಗ್ರೀಸಿನ ಡಬ್ಬಿಗಳನ್ನು ಇಳಿಸಿದ. ಜೇನುಮೇಣ, ರಾಳ, ಔಡಲ ಎಣ್ಣೆ, ಈ ಮೂರನ್ನು ಹೆಚ್ಚುಕಡಿಮೆ ಬೆರೆಸಿ ಅಜ್ಜಾರೇ ಕಾಸಿಟ್ಟ ಜಿಗಟು ಗ್ರೀಸುಗಳು ಅವು. ನೋಡಲು ಎಲ್ಲ ಒಂದೇ ಬಣ್ಣ. ತೊಗಲಿನ ತುಂಡು ಎರಡೆರಡು ತೆಗೆದು, ನಡುವೆ ಗ್ರೀಸು ಸವರಿ, ಹೆಬ್ಬೆರಳಿನಿಂದ ದೂಡಿ ನೋಡಿದ.

ಒಂದರಲ್ಲಿ ರಾಳ ಹೆಚ್ಚು, ತುಂಡು ಜಪ್ಪಯ್ಯ ಅನ್ನಲಿಲ್ಲ. ಇನ್ನೊಂದರಲ್ಲಿ ಎಣ್ಣೆ ಹೆಚ್ಚು, ಜಾರಿದ್ದು ಜಾರಿಯೇ ಹೋಯಿತು. ಮತ್ತೊಂದು ಡಬ್ಬಿಯದು ತುಸು ಸರಿದು, ಬೆರಳು ಎತ್ತಿದ ಕೂಡಲೇ ಹಿಂದಕ್ಕೆ ಬಂದು ನಿಂತಿತು.

"ಸಿಕ್ತಲೇ!" ಅಂತ ತನಗೆ ತಾನೇ ಅಂದುಕೊಂಡ.

ಗ್ಲೌಸಿಗೆ ಬಳಿಯಬೇಕು, ಅಷ್ಟರಲ್ಲಿ ನಾಳೆಯ ಆಟ ನಡುಬಿಸಿಲಿನಲ್ಲಿ ಅನ್ನುವುದು ನೆನಪಾಯಿತು. ತುಂಡನ್ನು ಒಯ್ದು ಹೊಳೆದಂಡೆಯ ಕಾದ ಬಂಡೆಯ ಮೇಲಿಟ್ಟ. ಕಣ್ಣೆದುರಿಗೇ ಗ್ರೀಸು ಕರಗಿ ಹರಿಯಿತು.

"ಅಜ್ಜಾ..." ಅಂತ ಕೂಗಲು ಬಾಯಿ ತೆರೆದ. ತೆರೆದ ಬಾಯಿಯನ್ನು ತಾನೇ ಮುಚ್ಚಿಕೊಂಡ.

ಒಲೆ ಹೊತ್ತಿಸಿದ. ಆ ಗ್ರೀಸನ್ನು ಮತ್ತೆ ಕಾಸಿ ತುಸು ಜೇನುಮೇಣ ಸೇರಿಸಿದ. ಬಂಡೆಯ ಮೇಲಿಟ್ಟ. ಹರಿಯಿತು. ಇನ್ನೂ ತುಸು ಸೇರಿಸಿದ. ಬಂಡೆ ಸುಡುತ್ತಿತ್ತು, ಅವನ ನೆತ್ತಿಯೂ ಸುಡುತ್ತಿತ್ತು, ಊಟದ ನೆನಪೂ ಆಗಲಿಲ್ಲ. ಕಡೆಗೊಮ್ಮೆ ಗ್ರೀಸು ಬಿಸಿಲನ್ನು ತಡೆದುಕೊಂಡಿತು. ದೂಡಿದರೆ ಸರಿಯಿತು, ಬಿಟ್ಟರೆ ತಿರುಗಿ ಬಂತು. ಯಾರನ್ನೂ ಕೇಳದೆ ಅವನು ಆರಿಸಿದ ಮೊದಲ ಅಂಟು ಅದು. ಅದನ್ನೇ ಗ್ಲೌಸಿನ ಎರಡೂ ತೊಗಲಿನ ನಡುವೆ ಸವರಿ, ದಾರ ಬಿಗಿದ.

ಇಳಿಹೊತ್ತಿಗೆ ಕಸ್ತೂರಿ ಬಂದಾಗ ಅಡಿವೆಪ್ಪ ಪದ್ಧತಿಯಂತೆ ಗ್ಲೌಸು ಜಗ್ಗಿ ತೋರಿಸಿದ. ಒಳಗಿನ ತೊಗಲು ತುಸು ಸರಿಯಿತು.

"ಮುಚ್ಚಿಡೂದು ಯಾಕ ತಂಗಿ, ಜಗ್ಗಿದ್ರ ಸರಿತೈತಿ," ಅಂದ. "ಆದ್ರ ಕೈ ಬಿಡೂದಿಲ್ಲ."

ಕಸ್ತೂರಿ ಹಾಕಿಕೊಂಡು ಮುಷ್ಟಿ ಕಟ್ಟಿದಳು, ಬಿಚ್ಚಿದಳು. ಮತ್ತೆ ಕಟ್ಟಿದಳು. ಅವಳ ಮುಖದಲ್ಲಿ ಬೆಳಕು ಬಂತು.

"ಇದು ನಂದ ಕೈ ಐತ್ರೀ ಅಣ್ಣಾರ!"

ಅಜ್ಜಾರು ಹೊಲಿಗೆಯಿಂದ ತಲೆ ಎತ್ತಲೂ ಇಲ್ಲ.

ಮರುದಿನ ಅಡಿವೆಪ್ಪ ಆಟ ನೋಡಲು ಹೋದ. ಬೇಸ್‌ಬಾಲ್ ಅವನಿಗೆ ಒಂದಿಷ್ಟೂ ತಿಳಿಯದು. ಅವನು ನೋಡಿದ್ದು ಆ ಗ್ಲೌಸು ಒಂದನ್ನೇ. ಚೆಂಡು ಬಂದಾಗಲೆಲ್ಲ ಅವನ ಜೀವ ಬಾಯಿಗೆ ಬರುತ್ತಿತ್ತು. ಧಪ್, ಧಪ್ ಎಂದು ಚೆಂಡು ಬಂದು ಗ್ಲೌಸಿನಲ್ಲಿ ಕೂತಾಗಲೆಲ್ಲ ಇಳಿಯುತ್ತಿತ್ತು. ಬಿಸಿಲೋ ಬಿಸಿಲು. ಗ್ರೀಸು ಹರಿಯಲಿಲ್ಲ.

ಕೊನೆಯ ಸರದಿ. ಕಸ್ತೂರಿಯ ತಂಡ ಒಂದೇ ಒಂದು ರನ್ನು ಮುಂದಿತ್ತು. ಇನ್ನೊಬ್ಬಳು ಔಟಾದರೆ ಗೆಲುವು. ಮೊದಲ ಬೇಸಿನಲ್ಲಿ, ಅಂದರೆ ಓಟದ ಮೊದಲ ನಿಲ್ದಾಣದಲ್ಲಿ, ನಿಂತಿದ್ದ ಎದುರಾಳಿ ಹುಡುಗಿ, ಚೆಂಡು ಎಸೆಯುವವಳ ಕೈ ಬಿಡುತ್ತಲೇ ಎರಡನೆಯ ಬೇಸಿಗೆ ಓಟ ಕಿತ್ತಳು. ಚೆಂಡು ಕೆಳಗೆ, ನೆಲಕ್ಕೆ ತಾಗುವಂತೆ ಬಂತು. ಧೂಳೆದ್ದಿತು.

ಅಡಿವೆಪ್ಪ ಕಣ್ಣು ಮುಚ್ಚಿಕೊಂಡ.

ಧಪ್!

ಕಣ್ಣು ತೆರೆದಾಗ ಕಸ್ತೂರಿ ಎದ್ದು ನಿಂತಿದ್ದಳು. ಗ್ಲೌಸಿನಿಂದ ಚೆಂಡು ಕಿತ್ತು ಎರಡನೆಯ ಬೇಸಿನ ಕಡೆ ಬೀಸಿ ಒಗೆದಳು. ಚೆಂಡು ಮೊದಲು ಮುಟ್ಟಿತು, ಅಲ್ಲಿದ್ದ ಗೆಳತಿ ಅದನ್ನು ಹಿಡಿದು ಓಡಿ ಬಂದವಳ ಮೈಗೆ ತಾಗಿಸಿದಳು.

ಔಟ್!

ಮೈದಾನವೇ ಎದ್ದು ಕುಣಿಯಿತು. ಅಡಿವೆಪ್ಪ ಹೆಗಲ ಮೇಲಿನ ಟವೆಲ್ ಬೀಸಿ ಒಗೆದ, ಅದು ಎಲ್ಲಿ ಬಿತ್ತೋ ದೇವರೇ ಬಲ್ಲ. ಗುರುತಿಲ್ಲದವರನ್ನೆಲ್ಲ ಅಪ್ಪಿಕೊಂಡ. "ಆ ಗ್ಲೌಸಿಗೆ ಗ್ರೀಸು ಹಚ್ಚಿದಾವ ನಾನರೀ, ನಾನು!" ಅಂತ ಕಂಡಕಂಡವರಿಗೆ ಹೇಳಿದ.

ತಂಡದವರೆಲ್ಲ ಟೆಂಪೋ ಹತ್ತಿ, ಹಲಗೆ ಬಡಿಸುತ್ತ, ಗುಲಾಲು ಎರಚುತ್ತ ಆಶ್ರಮಕ್ಕೆ ಬಂದರು. ಕಸ್ತೂರಿ ಕಡೆಯ ಚೆಂಡಿನ ಕತೆಯನ್ನೆಲ್ಲ ಹೇಳಿ ಅಜ್ಜಾರ ಕಾಲಿಗೆ ಬಿದ್ದಳು. ಆಮೇಲೆ ಅಡಿವೆಪ್ಪನ ಕಾಲಿಗೂ ಬಿದ್ದಳು. ಅವನು ನಾಚಿ ಎರಡು ಹೆಜ್ಜೆ ಹಿಂದೆ ಸರಿದ.

ಅಜ್ಜಾರ ಬಿಳಿ ಗಡ್ಡವೆಲ್ಲ ಗುಲಾಲು. ಬಾಯಿ ತುಂಬ ನಗುತ್ತಿದ್ದರು.

"ಭೇಷ್ ಅಡಿವೆಪ್ಪಾ! ನಿನ್ನ ಕಲಿಕಿ ಮುಗೀತು."

ಅಷ್ಟು ಅಂದದ್ದೇ ತಡ, ಅಡಿವೆಪ್ಪ ಒಳಗೆ ಓಡಿ ಹೊಸ ಚಾಪೆ ತಂದ, ಅಜ್ಜಾರ ಮಗ್ಗುಲಲ್ಲಿ ಬಿಚ್ಚತೊಡಗಿದ.

"ಇಲ್ಲಿ ಹಾಸಬ್ಯಾಡ," ಅಂದರು ಅಜ್ಜಾರು. "ಹೊಳಿ ಆಚಿ ದಂಡೀಗೆ ಹಾಸು. ಆ ಕಡೆ ಊರಾಗ ತೊಗಲಿನ ಕೆಲಸ ಬಲ್ಲವ್ರು ಒಬ್ಬರೂ ಇಲ್ಲ."

ಹಲಗೆಯ ಬಡಿತ ನಿಂತಿತು. ಅಡಿವೆಪ್ಪನ ಕೈಯಲ್ಲಿ ಚಾಪೆ ಅರ್ಧ ಬಿಚ್ಚಿದ ಹಾಗೇ ಉಳಿಯಿತು. ಗೆದ್ದ ಸಂತೋಷ, ಅಗಲುವ ದುಃಖ, ಎರಡೂ ಒಟ್ಟಿಗೇ ಬಂದವು.

"ಗೆದ್ದು ಬಂದೀನ್ರೀ ಅಜ್ಜಾರ. ಗೆದ್ದು ಬಂದಾವನ್ನ ಬಿಟ್ಟುಬಿಡತೀರೇನ್ರೀ?"

ಅಜ್ಜಾರು ಅವನ ಹೆಗಲ ಮೇಲೆ ಕೈಯಿಟ್ಟರು.

"ಕಡೀ ಚೆಂಡು ಹಿಡಿದು, ಈ ಹುಡುಗಿ ಅದನ್ನ ಎದಿಗೆ ಅವಚಿಕೊಂಡು ಕುಂತಿದ್ರ, ಇವತ್ತು ಗೆಲ್ತಿದ್ಳೇನೋ ಮಗನ?"