ಎರಡು ಹೋಳಿನ ಕೀಲಿಮಣೆ

ಕಾಡಿನ ಅರ್ಜಿಗಳನ್ನೆಲ್ಲ ಟೈಪ್ ಮಾಡುತ್ತಿದ್ದ ಕೋತಿಗೆ ಭುಜನೋವು ಹೆಚ್ಚಾಗಿ, ಕೆಲಸವನ್ನೇ ಬಿಡುವಂತಾಗಿತ್ತು. ಆಗ ಬಡಗಿ ಅಳಿಲು ಎರಡು ಹೋಳಾದ, ಗುಂಡಿಗಳು ಬಾಗಿ ಕೂತ ಕೀಲಿಮಣೆಯ ಮಾದರಿಯೊಂದನ್ನು ಪ್ರಾಣಿಗಳೆಲ್ಲರ ಮುಂದೆ ತಂದಿಟ್ಟು, "ಎಲ್ಲರೂ ಸ್ವಲ್ಪ ಸ್ವಲ್ಪ ಕಾಳು ಮುಂಗಡ ಕೊಟ್ಟರೆ ಇಂಥವನ್ನು ಮಾಡಿಕೊಡುತ್ತೇನೆ" ಎಂದಿತು.

"ಮಾಡಲು ಆಗದಿದ್ದರೆ?" ಎಂದು ಕೋತಿ ಕೇಳಿತು.

"ಆಗದೆಯೂ ಹೋಗಬಹುದು. ಒಮ್ಮೆ ಕೈಯಿಟ್ಟು ನೋಡಿ, ಕೋತಿಯಣ್ಣ."

ಕೋತಿ ಕುತೂಹಲದಿಂದ ಕೈಯಿಟ್ಟಿತು. ಬಿಗಿದಿದ್ದ ಭುಜ ತಾನಾಗಿಯೇ ಸಡಿಲವಾಯಿತು. "ಆದರೆ ನನ್ನ ಗಿಡ್ಡ ಹೆಬ್ಬೆರಳಿಗೆ ಈ ಗುಂಡಿ ಎಟಕುವುದಿಲ್ಲವಲ್ಲ!"

ಅಳಿಲು ಕೂಡಲೇ ಆ ಗುಂಡಿಯ ಜಾಗವನ್ನು ಉಳಿಯಿಂದ ಹೆಬ್ಬೆರಳಿಗೆ ಇನ್ನೂ ಹತ್ತಿರದಲ್ಲಿ ಗುರುತು ಮಾಡಿತು. ಕೋತಿ ಹೋಗಿ ತನ್ನ ಪಾಲಿನ ಕಾಳು ತಂದು ಸುರಿಯಿತು.

"ನಂಬಿಕೆ ಬಂತೇ?" ಎಂದು ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮೊಲ ಕೇಳಿತು.

"ಪೂರ್ತಿ ಬಂದಿಲ್ಲ. ಆದರೆ ನಾನು ಹೇಳಿದ ಜಾಗದಲ್ಲಿ ಆ ಗುಂಡಿ ಕೂರುತ್ತದೋ ಇಲ್ಲವೋ, ಅದನ್ನು ನೋಡದೆ ನನಗಿನ್ನು ಇರಲಾಗದು."