ಜವರೇಶ ರಿಪೋರ್ಟು ಕಳಿಸಿದ್ದು

ಕುಂತ್ಕೊಳ್ರಮ್ಮ, ಹೇಳ್ತೀನಿ. ನಿಮಗೆ ನಗು ಬಂದರೆ ನಕ್ಕುಬಿಡಿ. ನನಗಂತೂ ನಗೋ ಶಕ್ತಿ ಇಲ್ಲ, ಯಾಕಂದರೆ ಆ ಡೇರಿಗೆ ಹಾಲು ಹಾಕ್ತಿದ್ದವಳು ನಾನೂ ಒಬ್ಬಳು.

ನಮ್ಮೂರಲ್ಲಿ ದೇವೀರಮ್ಮ ಅಂತ. ಹೆಂಗಸರ ಹಾಲಿನ ಡೇರಿಗೆ ಅವಳೇ ಕಾರ್ಯದರ್ಶಿ. ಅವಳಿಗೊಬ್ಬ ಮಗ ಜವರೇಶ. ಆಳು ಎತ್ತರ, ಎದೆ ಅಗಲ, ಮನಸ್ಸು ಬಲು ಒಳ್ಳೇದು. ಬುದ್ಧಿ ಮಾತ್ರ ಹೇಳಿದಷ್ಟೇ. 'ಒಲೆ ಮೇಲಿನ ಹಾಲು ಉಕ್ತದಾ ನೋಡು' ಅಂದರೆ, ಉಕ್ಕಿ, ಸುರಿದು, ಒಲೆ ಆರುವವರೆಗೂ ನೋಡಿ, 'ಉಕ್ತು ಕಣವ್ವ' ಅಂತ ಬಂದು ಹೇಳೋನು. ಹೆತ್ತವಳು ಹಣೆ ಚಚ್ಚಿಕೊಳ್ಳೋಳು. ಇನ್ನೇನು ಮಾಡಿಯಾಳು?

ಡೇರಿಗೆ ಕಂಪ್ಯೂಟರ್ ಬಂತು. ಅದರ ಹಿಂದೆಯೇ ಹಾಲು ತಣ್ಣಗಿಡೋ ಕೂಲರ್ ಟ್ಯಾಂಕೂ ಬಂತು. ಆದರೆ ಟ್ಯಾಂಕು ಇನ್ನೂ ನಮ್ಮದಾಗಿರಲಿಲ್ಲ. ಸೂಪರ್‌ವೈಸರ್ ಶಿವನಂಜಯ್ಯ ಸಾಹೇಬರು ಬಂದು, "ರಿಪೋರ್ಟು ನೆಟ್ಟಗೆ ಕಳಿಸಿದ್ರೆ ಟ್ಯಾಂಕು ಇಲ್ಲೇ ಇರ್ತದೆ. ಇಲ್ಲಾಂದ್ರೆ ಪಕ್ಕದೂರಿಗೆ ಕೊಡ್ತೀವಿ, ನೀವೂ ಅಲ್ಲಿಗೇ ಹೋಗಿ ಹಾಲು ಹಾಕಿ" ಅಂದುಬಿಟ್ಟರು. ಅಂದರೆ ನಾವೆಲ್ಲ ಕೋಳಿ ಕೂಗೋ ಮೊದಲೇ ಎದ್ದು, ಕ್ಯಾನು ಹೊತ್ತು, ನಾಲೆ ಏರಿ ಮೇಲೆ ನಡೀಬೇಕು. ದೇವೀರಮ್ಮನ ಮಂಡಿ ಆಗಲೇ ಹೋಗಿತ್ತು.

ಕಂಪ್ಯೂಟರ್ ಮುಂದೆ ಕೂರೋಕೆ ಬೇರೆ ಯಾರೂ ಸಿಗಲಿಲ್ಲ. ಜವರೇಶನೇ ಕೂತ.

"ಲೋ ಮಗ, ರಿಪೋರ್ಟ ಸಾಹೇಬ್ರಿಗೆ ತೋರಿಸ್ಬುಟ್ಟು ಬಾ" ಅಂದಳು ತಾಯಿ.

ರಿಪೋರ್ಟು ಎಲ್ಲಿತ್ತು? ಕಂಪ್ಯೂಟರ್ ಪರದೆ ಮೇಲಿತ್ತು. ಪರದೆಯನ್ನೇ ಕಿತ್ತು ಕುಕ್ಕೇಲಿಟ್ಟು, ತಾಯಿಯ ಹಳೇ ಸೀರೆ ಮುಚ್ಚಿ, ಬಸ್ಸು ಹತ್ತಿದ. ಸಾಹೇಬರ ಮೇಜಿನ ಮೇಲಿಟ್ಟು ನೋಡಿದರೆ ಬರೀ ಕಪ್ಪು!

"ನಮ್ಮೂರಲ್ಲಿ ಕಾಣ್ತಿತ್ತು ಸಾ!"

"ಅಯ್ಯೋ ಪೆದ್ದ! ಯಂತ್ರ ಯಾಕೋ ಹೊತ್ಕೊಂಡು ಬಂದೆ? ರಿಪೋರ್ಟನ್ನ ಪಿಡಿಎಫ್ ಮಾಡಿ ಫೋನಲ್ಲಿ ಕಳಿಸಬೇಕು. ಯಾರೂ ಒಂದಕ್ಷರ ತಿದ್ದೋಕಾಗಬಾರದು, ಹಂಗಿರಬೇಕು!"

"ಆಯ್ತು ಸಾ!"

ಮುಂದಿನ ವಾರ ಹಾಲು ಹಾಕೋ ಹೆಂಗಸರ ಪಟ್ಟಿ ಬೇಕು ಅಂತ ಆಫೀಸಿನಿಂದ ಫೋನು ಬಂತು. ಹೆಸರಿನ ಮುಂದೆ ಜಾಗ ಖಾಲಿ ಬಿಡಿ, ನಾವೇ ತುಂಬ್ಕೋತೀವಿ ಅಂದರು. ಜವರೇಶ ಪಿಡಿಎಫ್ ಮಾಡಿ ಕಳಿಸಿದ. ಆಫೀಸಿನವರು ಒತ್ತಿದರು, ಕುಟ್ಟಿದರು, ಒಂದಕ್ಷರ ಒಳಗೆ ಹೋಗಲಿಲ್ಲ.

"ಏನಮ್ಮ ದೇವೀರಮ್ಮ, ನೆಂಟರನ್ನ ಕರೆದು ಬಾಗಿಲಿಗೆ ಬೀಗ ಹಾಕ್ಕೊಂಡ ಹಂಗಾಯ್ತಲ್ಲ!"

"ಯಾಕ್ಲಾ ಹಿಂಗ್ಮಾಡ್ದೆ?" ಅಂದಳು ತಾಯಿ.

"ತಿದ್ದೋಕಾಗಬಾರದು ಅಂದಿದ್ರು ಕಣವ್ವ!"

ಶಿವನಂಜಯ್ಯ ಫೋನಲ್ಲೇ ಕೂಗಿದರು. "ಎಕ್ಸೆಲ್ಲಲ್ಲಿ ಮಾಡೋ! ಅದರಲ್ಲಿ ಚೌಕ ಚೌಕ ಇರ್ತದೆ. ಒಂದು ಚೌಕದಲ್ಲಿ ಒಂದೇ ಇಡು, ಬೆರೆಸಬೇಡ!"

"ಆಯ್ತು ಸಾ!"

ಆಮೇಲೆ ಟ್ಯಾಂಕು ತೊಳೆಯೋ ದಿನ ಬಂತು. ಭಾನುವಾರ ಸಂಜೆ ಯಾರೂ ಹಾಲು ತರಬೇಡಿ ಅಂತ ಒಂದು ಚೀಟಿ ಅಂಟಿಸೋ ಅಂದಳು ತಾಯಿ. ಇವನು ಎಕ್ಸೆಲ್ಲಲ್ಲಿ ಕೂತು ಒಂದು ಚೌಕಕ್ಕೆ ಒಂದು ಮಾತು ಇಟ್ಟ. ಸಾಲು ಅಡ್ಡಡ್ಡ ಬೆಳೀತು, ಪ್ರಿಂಟರು ಅದನ್ನು ಎರಡು ಹಾಳೆ ಮಾಡಿತು. 'ಭಾನುವಾರ ಸಂಜೆ ಎಲ್ಲರೂ ಹಾಲು' ಅನ್ನೋ ಹಾಳೆ ಡೇರಿ ಬಾಗಿಲಿಗೆ ಹತ್ತಿತು. 'ತರುವುದು ಬೇಡ' ಅನ್ನೋದಕ್ಕೆ ಅಲ್ಲಿ ಜಾಗ ಸಾಲದೆ ಹಿಂದಿನ ಗೋಡೆಗೆ ಹೋಯಿತು. ನಾವೆಲ್ಲ ತುಂಬಿದ ಕ್ಯಾನು ಹಿಡಿದು ಹೋದೆವು. ನೋಡಿದರೆ ಟ್ಯಾಂಕಿನ ತುಂಬ ಸೋಪಿನ ನೊರೆ.

"ಏನ್ಲಾ ಇದು, ಮನೆಹಾಳ!"

"ಒಂದು ಚೌಕಕ್ಕೆ ಒಂದೇ ಅಂದಿದ್ರು ಕಣವ್ವ!"

"ಚೌಕಾನೂ ಬ್ಯಾಡ, ಗೆರೇನೂ ಬ್ಯಾಡ, ಬಣ್ಣಾನೂ ಬ್ಯಾಡ! ಬರೀ ಅಕ್ಷರ ಇದ್ರೆ ಸಾಕು ಕಣ್ಲಾ, ಬರೀ ಅಕ್ಷರ!"

"ಆಯ್ತವ್ವ!"

ಅದೇ ತಿಂಗಳು ನನ್ನ ಹಸು ಸತ್ತುಹೋಯಿತು. ಇದ್ದ ಎರಡರಲ್ಲಿ ಜಾಸ್ತಿ ಹಾಲು ಕೊಡ್ತಿದ್ದ ಒಳ್ಳೇ ಹಸು ಅದೇ. ವಿಮೆಯವರಿಗೆ ಕಳಿಸೋಕೆ ಅವರೇ ಕಿವಿಗೆ ಹಾಕಿದ್ದ ನಂಬರಿನ ಓಲೆ ಕಾಣೋ ಹಾಗೆ ಪಟ ಬೇಕು ಅಂದರು. ಜವರೇಶ ಬಂದ, ಹಸುವಿನ ಸುತ್ತ ಒಂದು ಸುತ್ತು ಹಾಕಿದ, 'ಕಳಿಸ್ದೆ ಕಣಕ್ಕ' ಅಂತ ಹೊರಟುಹೋದ. ನಾವು ಹಸುವನ್ನು ಮಣ್ಣು ಮಾಡಿದೆವು. ಆಮೇಲೆ ಅವನು ಏನು ಕಳಿಸಿದ್ದ ಅಂತ ಗೊತ್ತಾಯಿತು. 'ಹಸು. ಕಪ್ಪು. ಮಲಗಿದೆ. ಏಳುತ್ತಿಲ್ಲ. ಕಿವಿಯಲ್ಲಿ ಓಲೆ ಇದೆ. ಒಡತಿ ಅಳುತ್ತಿದ್ದಾಳೆ.'

ಸುಳ್ಳು ಒಂದಕ್ಷರ ಇಲ್ಲ, ನೋಡಿ! ಪಟ ಇಲ್ಲದೆ ವಿಮೆ ದುಡ್ಡು ಮಾತ್ರ ಬರಲಿಲ್ಲ. ಅವನ ತಾಯಿಯೇ ನನ್ನ ಕೈ ಹಿಡಿದು ಅತ್ತಳು. ಅತ್ತು, ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿದಳು.

"ಪಟ ತೆಗೀಬೇಕು ಕಣೋ! ಕಣ್ಣಿಗೆ ಹೆಂಗೆ ಕಾಣ್ತದೋ ಹಂಗೇ ತೆಗೆದು ಕಳಿಸ್ಬೇಕು!"

"ಆಯ್ತವ್ವ!"

ತಿಂಗಳ ರಿಪೋರ್ಟು ಕಳಿಸೋ ದಿನ ಪರದೆಗೆ ಫೋನು ಹಿಡಿದು ಪಟ ತೆಗೆದ. ಬಿಸಿಲು ಬಿದ್ದು ಅಂಕಿ ಒಂದೂ ಕಾಣಲಿಲ್ಲ. ಹಿಂದೆ ಕ್ಯಾನಿನ ಮೇಲೆ ಕೂತು, ಕೆನ್ನೆಗೆ ಕೈಕೊಟ್ಟು ತೂಕಡಿಸ್ತಿದ್ದ ದೇವೀರಮ್ಮ ಮಾತ್ರ ಪರದೆಯ ಗಾಜಿನಲ್ಲಿ ಚೆನ್ನಾಗಿ ಕಾಣ್ತಿದ್ದಳು.

ಶಿವನಂಜಯ್ಯನವರಿಗೂ ಸಾಕಾಗಿತ್ತು. ಬೈದರೂ ದನಿ ಏರಲಿಲ್ಲ. "ಲೆಕ್ಕ ಕೇಳಿದ್ರೆ ನಿಮ್ಮಮ್ಮನ ಮುಖ ಕಳಿಸಿದ್ದೀಯಲ್ಲಪ್ಪ. ಕೇಳು. ಇನ್ಮೇಲೆ ಒಂದೇ ರೂಪದಲ್ಲಿ ಕಳಿಸಬೇಡ. ಎಷ್ಟು ರೂಪ ಮಾಡೋಕಾಗ್ತದೋ ಅಷ್ಟೂ ಮಾಡಿ ಮುಂದೆ ಇಡು. ಯಾರಿಗೆ ಯಾವುದು ಬೇಕೋ ಅವರು ತಗೋತಾರೆ."

"ಆಯ್ತು ಸಾ!"

ಜವರೇಶ ಪಿಡಿಎಫ್ ಮಾಡಿದ, ಎಕ್ಸೆಲ್ ಮಾಡಿದ, ಬರೀ ಅಕ್ಷರದ್ದೂ ಮಾಡಿದ, ಪಟವನ್ನೂ ಮಾಡಿದ. ಎಲ್ಲಾ ಕಳಿಸಿದ. ಎಲ್ಲಾ ಸರಿಯಾಗಿತ್ತು! ಸಾಹೇಬರು ಫೋನು ಮಾಡಿ, "ನಾಳೆ ಬೆಳಗ್ಗೆ ನಾನೇ ಬರ್ತೀನಮ್ಮ. ಟ್ಯಾಂಕಿನ ಹಾಲು ಒಂದು ಸಲ ನೋಡಿಬಿಟ್ಟು, ಟ್ಯಾಂಕು ನಿಮ್ಮದೇ ಅಂತ ಬರ್ಕೊಟ್ಟು ಹೋಗ್ತೀನಿ" ಅಂದರು. ದೇವೀರಮ್ಮ ಕಣ್ಣಲ್ಲಿ ನೀರು ತಂದುಕೊಂಡಳು. "ಸಂಜೆ ಹಾಲು ನೀನೇ ನೋಡ್ಕೊಳ್ಳಪ್ಪ, ಸಾಹೇಬ್ರು ಮೆಚ್ಚೋ ಹಂಗಿಡು" ಅಂತ ಮಗನಿಗೆ ಹೇಳಿ, ಎಷ್ಟೋ ದಿನದ ಮೇಲೆ ಹಾಯಾಗಿ ಮಲಗಿದಳು.

ಮಲಗಬಾರದಿತ್ತು.

ಬೆಳಗ್ಗೆ ಸಾಹೇಬರು ಬಂದರು. ನಾವೂ ಕ್ಯಾನು ಹಿಡಿದು ನಿಂತಿದ್ದೆವು. ಮುಚ್ಚಳ ಎತ್ತಿದರೆ ಟ್ಯಾಂಕಿನ ತುಂಬ ಗಟ್ಟಿ ಮೊಸರು! ಪಕ್ಕದಲ್ಲಿ ಕೊಳಗದ ತುಂಬ ಮಜ್ಜಿಗೆ, ಬೋಸೀಲಿ ಬೆಣ್ಣೆ, ಬಾಣಲೇಲಿ ತುಪ್ಪ, ಬಟ್ಟೇಲಿ ಕಟ್ಟಿ ತೂಗುಹಾಕಿದ ಒಡೆದ ಹಾಲು. ಕೊನೇಲಿ ಒಂದು ಚೊಂಬು ಹಾಲು.

"ಹಾಲೆಲ್ಲಯ್ಯ?"

"ಎಲ್ಲಾನೂ ಹಾಲೇ ಸಾ! ಎಷ್ಟು ರೂಪ ಆಯ್ತದೋ ಅಷ್ಟೂ ಮಾಡಿವ್ನಿ. ಕರೆಂಟು ಆರಿಸ್ಬುಟ್ಟು ಹೆಪ್ಪು ಹಾಕ್ದೆ, ತಣ್ಣಗಿದ್ರೆ ಮೊಸರಾಗಲ್ಲ ಅಲ್ವಾ? ಯಾವ್ದು ಬೇಕೋ ತಕ್ಕಳಿ ಸಾ!"

ಸಾಹೇಬರು ಏನೂ ತಗೊಳ್ಳಲಿಲ್ಲ. ಟ್ಯಾಂಕು ಮಾತ್ರ ತಗೊಂಡರು. ಮಧ್ಯಾಹ್ನಕ್ಕೆ ಲಾರಿ ಬಂತು.

ದೇವೀರಮ್ಮ ಹೊಸಿಲ ಮೇಲೆ ಕೂತಳು. ಬೈಯಲಿಲ್ಲ. ಬೈಗುಳವೆಲ್ಲ ಮುಗಿದುಹೋಗಿತ್ತು ಅಂತ ಕಾಣ್ತದೆ. ಮೆಲ್ಲಗೆ ಕೇಳಿದಳು.

"ಲೋ ಮಗ, ಇದ್ನೆಲ್ಲ ತಿರುಗಿ ಹಾಲು ಮಾಡೋಕಾಯ್ತದೇನ್ಲಾ?"

ಜವರೇಶ ತಲೆ ಕೆರೆದುಕೊಂಡು ಯೋಚಿಸಿದ. ಮುಖ ಅರಳಿತು.

"ಆಯ್ತದೆ ಕಣವ್ವ! ಬಂದ ದಾರೀಲೇ ವಾಪಸ್ ಕಳಿಸಾಣ!"

ಮಾರನೇ ದಿನ ಕತ್ತಲಲ್ಲೇ ನಾವು ಕ್ಯಾನು ಹೊತ್ತು ನಾಲೆ ಏರಿ ಕಡೆ ಹೊರಟೆವು. ದೇವೀರಮ್ಮ ಎಲ್ಲರಿಗಿಂತ ಹಿಂದೆ ಕುಂಟುತ್ತ ಬರ್ತಿದ್ದಳು. ಅವಳ ಕೊಟ್ಟಿಗೇಲಿ ದೀಪ ಉರೀತಿತ್ತು. ಬಗ್ಗಿ ನೋಡಿದರೆ ಹಸುವಿನ ಮುಂದೆ ಬಾನಿ ತುಂಬ ಮಜ್ಜಿಗೆ. ಹಸುವಿನ ಹಿಂದೆ, ಕೆಚ್ಚಲ ಕೆಳಗೆ ಬಿಂದಿಗೆ ಹಿಡಿದು ಕುಕ್ಕರುಗಾಲಲ್ಲಿ ಜವರೇಶ.

"ವಸಿ ತಡೀರಕ್ಕ!" ಅಂತ ಕೂಗಿದ. "ಕುಡೀತಾ ಐತೆ! ಇನ್ನೇನು ಬಂದ್ಬುಡ್ತದೆ!"