ಮರಿ ಬರುವ ಮೊದಲು

ಹೊಳೆಯ ದಂಡೆಯ ಒಂದು ಆಶ್ರಮದಲ್ಲಿ ನೀಲಗಂಗಾ ಎಂಬ ಶಿಷ್ಯೆ ಇದ್ದಳು. ಮೂವತ್ತೈದು ದಾಟಿದವಳು. ಯಾರು ಏನು ಹೇಳಿದರೂ ಹೂಂ ಎನ್ನುವವಳು.

ಜೋಳ ಹಸನು ಮಾಡು ಎಂದರೆ ಹೂಂ. ಬಂದವರಿಗೆ ನಿನ್ನ ಹಾಸಿಗೆ ಬಿಟ್ಟುಕೊಡು ಎಂದರೆ ಹೂಂ. ಆಶ್ರಮದವರು ಅದನ್ನು ಅವಳ ಭಕ್ತಿ ಎಂದು ಹೊಗಳುತ್ತಿದ್ದರು.

ಅವಳ ಗುರುಗಳು ಮಾತ್ರ ಒಮ್ಮೆಯೂ ಹೊಗಳಿರಲಿಲ್ಲ. ಅವರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಒಂದು ಮುಂಜಾನೆ ಅವಳು ತಾನಾಗಿಯೇ ಅವರ ಮುಂದೆ ಬಂದು ನಿಂತಳು. ಆಶ್ರಮಕ್ಕೆ ಬಂದ ಹನ್ನೊಂದು ವರ್ಷದಲ್ಲಿ ಅವಳು ಏನನ್ನಾದರೂ ಕೇಳಿದ್ದು ಅದೇ ಮೊದಲು.

“ಅಜ್ಜಾರ, ಒಂದು ನಾಯಿಮರಿ ತಂದು ಸಾಕ್ಲೇನ್ರಿ?”

“ಎಲ್ಲೀದು?”

“ಅಂಬಿಗರ ದುರ್ಗಪ್ಪನ ನಾಯಿ ಐದು ಮರಿ ಹಾಕೈತ್ರಿ. ನಾಕು ಗಂಡುಮರಿ ಮಂದಿ ಒಯ್ದರು. ಇದೊಂದು ಹೆಣ್ಣು. ಯಾರಿಗೂ ಬ್ಯಾಡಂತ. ಸಂತಿಗೆ ಹೋದಾಗ ಎಲ್ಯಾರ ಬಿಟ್ಟು ಬರ್ತೀನಿ ಅಂತಾನ.”

“ತಾಯಿಹಾಲು ಬಿಟ್ಟೈತೇನು?”

“ಇನ್ನೊಂದು ವಾರ ಬೇಕ್ರಿ.”

“ಹಂಗಾದ್ರ ಅಷ್ಟರಾಗ ಮನಿ ತಯಾರು ಮಾಡು. ನಾ ಬಂದು ನೋಡ್ತೀನಿ.”

ನೀಲಗಂಗಾ ತನ್ನ ಗುಡಿಸಲನ್ನು ಗುಡಿಸಿ ಸಾರಿಸಿದಳು. ಹಳೆಯ ಸೀರೆಯೊಂದನ್ನು ಮಡಚಿ ಮೂಲೆಯಲ್ಲಿ ಹಾಸಿದಳು. ಮಣ್ಣಿನ ಬಟ್ಟಲಲ್ಲಿ ನೀರಿಟ್ಟಳು. ಖುಷಿ ತಡೆಯದೆ ಬಾಗಿಲ ಮುಂದೆ ರಂಗೋಲಿಯನ್ನೂ ಬಿಟ್ಟಳು.

ಅಜ್ಜಾರು ಬಂದರು. ಕೋಲನ್ನು ಗೋಡೆಗೆ ಒರಗಿಸಿದರು. ಎಂಬತ್ತರ ಮುದುಕರು, ಮೊಣಕಾಲೂರಿ, ಅಂಗೈಯೂರಿ, ಕೂಸಿನ ಹಾಗೆ ಅಂಬೆಗಾಲಿಡುತ್ತ ಒಳಗೆ ಹೋದರು.

“ಅಯ್ಯಯ್ಯ, ಏಳ್ರಿ ಅಜ್ಜಾರ! ಏನು ಬೇಕು ಹೇಳ್ರಿ, ನಾ ತಗದು ಕೊಡ್ತೀನಿ.”

ಮಂಚದ ಕೆಳಗಿಂದ ಒಂದು ಕೈ ಹೊರಗೆ ಬಂತು. ಅದರಲ್ಲಿ ದಾರ ಪೋಣಿಸಿದ ಸೂಜಿ.

ಮತ್ತೆ ಬಂತು. ಹೋದ ವರ್ಷ ಇಲಿಗೆಂದು ಇಟ್ಟಿದ್ದ ವಿಷದ ಉಂಡೆ.

ಇನ್ನೊಮ್ಮೆ ಬಂತು. ಬಾಯಿಗೆ ಅರಿವೆ ತುರುಕಿದ ಸೀಮೆಎಣ್ಣೆಯ ಬಾಟಲಿ.

ನೀಲಗಂಗಾ ಬಾಟಲಿಯನ್ನು ಕೈಗೆತ್ತಿಕೊಂಡಳು. “ದಿನಾ ಕಸ ಹೊಡೀತೀನ್ರಿ. ಒಂದೂ ಕಣ್ಣಿಗೆ ಬೀಳಲಿಲ್ಲಲ್ರಿ.”

“ನೀ ನಿಂತು ನೋಡೀದಿ,” ಎಂದರು ಅಜ್ಜಾರು. “ಮರಿ ನಿಂತು ನೋಡೂದಿಲ್ಲ.”

ಮರುದಿನ ಅವಳು ಬಾಗಿಲು ಮುಚ್ಚಿಕೊಂಡು ತಾನೂ ಅಂಬೆಗಾಲಿಟ್ಟಳು. ಅಷ್ಟು ಕೆಳಗಿನಿಂದ ನೋಡಿದರೆ ಅದು ಅವಳ ಗುಡಿಸಲೇ ಅಲ್ಲ ಎನ್ನಿಸಿತು. ಗೂಟದಿಂದ ಜೋತುಬಿದ್ದ ಹಗ್ಗ ಕುತ್ತಿಗೆಗೆ ಸುತ್ತುವಂತಿತ್ತು. ಬಚ್ಚಲ ಕಿಂಡಿ ಒಂದು ಮರಿ ನುಸುಳಿ ಸೀದಾ ಹೊಳೆಗೆ ಬೀಳುವಷ್ಟು ಅಗಲವಿತ್ತು. ಸುಣ್ಣದ ಡಬ್ಬಿಯ ಮುಚ್ಚಳ ಸಡಿಲಾಗಿತ್ತು.

ಹಗ್ಗ ಮೇಲೆ ಹೋಯಿತು. ಡಬ್ಬಿ ಸೂರಿಗೆ ತೂಗುಬಿಟ್ಟ ನೆಲವಿಗೆ ಹೋಯಿತು. ಕಿಂಡಿಗೆ ಕಲ್ಲು ಬಿತ್ತು. ನೀರಿನ ಹಂಡೆಗೆ ಮುಚ್ಚಳ ಬಂತು. ಮೊಣಕಾಲು ಸುಲಿದುಹೋದವು.

ಅಜ್ಜಾರು ಮತ್ತೆ ಬಂದು, ಮತ್ತೆ ಅಂಬೆಗಾಲಿಟ್ಟು, ಎದ್ದು ಕೈ ಕೊಡವಿದರು.

“ಮನಿಯಂತೂ ತಯಾರಾತು.”

ಆ ‘ಅಂತೂ’ ಯಾಕೆಂದು ನೀಲಗಂಗಾ ಕೇಳಲಿಲ್ಲ.

ಮರಿ ಬಂತು. ಕರೀ ಮೈ, ಎದೆಯ ಮೇಲೊಂದು ಬಿಳೀ ಮಚ್ಚೆ. ಹಾಸಿದ ಸೀರೆಯನ್ನು ಬಿಟ್ಟು ಅವಳ ಪಾದದ ಮೇಲೆಯೇ ಮುಖವಿಟ್ಟು ಮಲಗಿತು. ಅದಕ್ಕೆ ಎಚ್ಚರವಾದೀತೆಂದು ಅವಳು ಕಾಲು ಜೋಮು ಹಿಡಿದರೂ ಕದಲಲಿಲ್ಲ.

ನಾಲ್ಕನೆಯ ದಿನ ಅನಾಹುತವಾಯಿತು. ನೀಲಗಂಗಾ ನೀರು ತರುವ ಅವಸರದಲ್ಲಿ ಬಾಗಿಲ ಚಿಲಕ ಹಾಕಲು ಮರೆತಳು. ಮರಿ ನೇರ ಆಶ್ರಮದ ಅಡುಗೆಮನೆಗೆ ನುಗ್ಗಿ, ಮಧ್ಯಾಹ್ನದ ಪಂಕ್ತಿಗೆಂದು ಬಡಿದಿಟ್ಟಿದ್ದ ಅರವತ್ತು ರೊಟ್ಟಿಯ ಬುಟ್ಟಿಯೊಳಗೆ ಹತ್ತಿ ಕುಳಿತಿತ್ತು.

ಅಡುಗೆಮನೆಯ ಉಸ್ತುವಾರಿ ಹಿರಿಯ ಶಿಷ್ಯ ಈರಭದ್ರಯ್ಯನದು. ಅವನ ಕೂಗು ಹೊಳೆಯವರೆಗೂ ಕೇಳಿತು.

“ತಪ್ಪು ನಂದ್ರಿ,” ಎಂದಳು ನೀಲಗಂಗಾ. ರೊಟ್ಟಿಯನ್ನೆಲ್ಲ ದನಕ್ಕೆ ಹಾಕಿ, ಒಲೆಯ ಮುಂದೆ ಕುಳಿತು, ಒಬ್ಬಳೇ ಅರವತ್ತು ರೊಟ್ಟಿ ಮತ್ತೆ ಬಡಿದಳು. ಪಂಕ್ತಿ ತಡವಾಯಿತು, ಆದರೆ ಯಾರೂ ಹಸಿದು ಏಳಲಿಲ್ಲ.

ಸುಟ್ಟ ಬೆರಳುಗಳನ್ನು ನೀರಲ್ಲಿ ಅದ್ದಿಕೊಂಡು ಅವಳು ಗುಡಿಸಲಲ್ಲಿ ಕೂತಿದ್ದಾಗ ಈರಭದ್ರಯ್ಯ ಬಂದ. ಜೊತೆಗೆ ಇನ್ನಿಬ್ಬರು ಶಿಷ್ಯರು. ಕೈಯಲ್ಲಿ ಗೋಣಿಚೀಲ.

“ಮರಿ ತಾ ಇಲ್ಲೆ. ಆಚೀ ದಂಡಿಗೆ ಬಿಟ್ಟು ಬರ್ತೀವಿ.”

“ಮತ್ತೊಮ್ಮೆ ಹಿಂಗ ಆಗೂದಿಲ್ರಿ.”

“ನಾ ನಿನ್ನ ಕೇಳಾಕ ಬಂದಿಲ್ಲ. ಹೇಳಾಕ ಬಂದೀನಿ.”

ಹೂಂ ಎಂಬುದು ಅವಳ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಕೈಯೂ ಮರಿಯ ಕಡೆ ಹೋಗಿತ್ತು. ಮರಿ ಆ ಸುಟ್ಟ ಬೆರಳುಗಳನ್ನು ನೆಕ್ಕಿತು.

ನೀಲಗಂಗಾ ಎದ್ದಳು. ಬಾಗಿಲಿಗೆ ಬಂದು ಚೌಕಟ್ಟಿನ ಎರಡೂ ಕಡೆ ಕೈ ಕೊಟ್ಟು ನಿಂತಳು.

“ಕೊಡೂದಿಲ್ಲ.”

ಅದು ತನ್ನದೇ ದನಿಯೆಂದು ಅವಳಿಗೆ ಗುರುತು ಸಿಗಲಿಲ್ಲ. ಈರಭದ್ರಯ್ಯನಿಗೂ ಸಿಗಲಿಲ್ಲ.

“ಏನಂದಿ?”

“ಕೇಳಿಸ್ತಲ್ರಿ. ಕೊಡೂದಿಲ್ಲ.”

ಅವನು ದಡದಡ ಹೋಗಿ ಅಜ್ಜಾರನ್ನೇ ಕರೆತಂದ. ದಾರಿಯುದ್ದಕ್ಕೂ ಎಲ್ಲವನ್ನೂ ಹೇಳಿದ್ದ. ಅಜ್ಜಾರು ಗುಡಿಸಲ ಮುಂದೆ ನಿಂತು ಕೋಲೂರಿದರು.

“ನೀಲಗಂಗಾ, ಮರಿ ಕೊಡು.”

ದಿನವೂ ತಲೆಯಿಟ್ಟು ನಮಸ್ಕರಿಸುತ್ತಿದ್ದ ಪಾದಗಳು ಎದುರಿಗಿದ್ದವು. ಅವಳ ತಲೆ ತಾನಾಗಿಯೇ ಬಾಗಿತು. ಕೈ ಮಾತ್ರ ಚೌಕಟ್ಟು ಬಿಡಲಿಲ್ಲ.

“ಕೊಡೂದಿಲ್ರಿ, ಅಜ್ಜಾರ.”

“ಗುರುವಿನ ಮಾತು ಮೀರ್ತೀಯೇನು?”

“ಮೀರ್ತೀನ್ರಿ. ಮನ್ಯಾಗ ಸಾಲಿ ಕಲಿಯೂದು ಬಿಡು ಅಂದ್ರು, ಬಿಟ್ಟೆ. ತವರಿನ ಹೊಲದಾಗ ಪಾಲು ಬಿಡು ಅಂದ್ರು, ಬಿಟ್ಟೆ. ಇಲ್ಲಿ ಬಂದ ಮ್ಯಾಲೂ ಬೇಡಿದ್ದೆಲ್ಲ ಕೊಟ್ಟೀನಿ. ಇದನ್ನ ಕೊಡೂದಿಲ್ಲ. ಬ್ಯಾಡಾದ್ರ ನಮ್ಮಿಬ್ಬರನ್ನೂ ಹೊರಗ ಹಾಕ್ರಿ, ನಡಕೋತ ಹೋಗ್ತೀವಿ. ಚೀಲದಾಗ ಮಾತ್ರ ಹಾಕಗೊಡೂದಿಲ್ಲ.”

“ಕೇಳಿದ್ರೇನ್ರಿ?” ಎಂದ ಈರಭದ್ರಯ್ಯ. “ನಿಮಗ ಎದುರುತ್ತರ ಕೊಡ್ತಾಳ!”

“ಕೇಳಿದೆ.” ಅಜ್ಜಾರು ಅವನತ್ತ ತಿರುಗಿದರು. “ನೀ ಬೇಡಿದಿ, ಕೊಡಲಿಲ್ಲ. ನಾ ಬೇಡಿದೆ, ಕೊಡಲಿಲ್ಲ. ಇನ್ನ ಯಾರನ್ನ ಕರಕೊಂಡು ಬರ್ತಿ?”

ಈರಭದ್ರಯ್ಯ ಹಿಂದೆ ತಿರುಗಿ ನೋಡಿದ. ಅವನ ಹಿಂದಿದ್ದ ಇಬ್ಬರಲ್ಲಿ ಒಬ್ಬ ಆಗಲೇ ಮೆಲ್ಲಗೆ ಜಾರಿಕೊಂಡಿದ್ದ.

ಅಜ್ಜಾರು ಅವನ ಕೈಯಿಂದ ಚೀಲ ತೆಗೆದುಕೊಂಡರು. ಅದನ್ನು ಹೊಸ್ತಿಲ ಹೊರಗೆ ಹಾಸಿದರು. ನೀಲಗಂಗಾಳಿಗೆ ಬೆನ್ನು ಮಾಡಿ, ಈರಭದ್ರಯ್ಯನಿಗೆ ಮುಖ ಮಾಡಿ, ಅದರ ಮೇಲೆ ಕುಳಿತರು. ಏಳುವ ಲಕ್ಷಣ ಕಾಣಲಿಲ್ಲ.

ಈರಭದ್ರಯ್ಯ ಉಳಿದೊಬ್ಬನನ್ನು ಕರೆದುಕೊಂಡು ಹೊರಟುಹೋದ.

ನೀಲಗಂಗಾ ಕೈ ಬಿಡಲಿಲ್ಲ. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಮತ್ತೆ ಯಾರಾದರೂ ಬಂದಾರು ಎಂಬಂತೆ ಚೌಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಹಿಂದೆ ಮರಿ ಕುಂಯ್‌ಗುಡುತ್ತ, ಸುತ್ತುತ್ತ, ಅವಳ ಹಿಮ್ಮಡಿಯನ್ನು ಮೂಗಿನಿಂದ ನೂಕುತ್ತಿತ್ತು.

ಅಜ್ಜಾರು ತಿರುಗಿಯೂ ನೋಡದೆ ಹೇಳಿದರು:

“ಇನ್ನ ದಾರಿ ಬಿಡು, ಮಗಳ. ಅದಕ್ಕ ಉಚ್ಚಿ ಬಂದೈತಿ.”